ನನ್ನ ಕಾಲ್ಗುಣ, ನಮ್ಮವರ ಸೋಲು

ಇಂಗ್ಲೆಂಡಿನ ಒಂದು ಫುಟ್‌ಬಾಲ್ ಕ್ಲಬ್ಬು ಸೋತಾಗಲೆಲ್ಲ ಅದಕ್ಕೆ ನಾನೇ ಕಾರಣ ಎಂದು ನಂಬಿದ್ದ ಮನೆಯಲ್ಲಿ ನಾನು ಬೆಳೆದೆ. ಇದನ್ನು ಹೇಳಿದರೆ ಈಗ ಎಲ್ಲರೂ ನಗುತ್ತಾರೆ. ನನ್ನ ಮಕ್ಕಳಂತೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲಿ. ಹತ್ತನೆಯ ವಯಸ್ಸಿನಿಂದ ಹದಿಮೂರರವರೆಗೆ, ಆಟವಿದ್ದಾಗಲೆಲ್ಲ ಸ್ವಂತ ಮನೆಯ ಮುಂದಿನ ಕೋಣೆಗೆ ಕಾಲಿಡಬಾರದು ಎನ್ನಿಸಿಕೊಂಡವಳು ನಾನು, ಅವರಲ್ಲ. ಕ್ಲಬ್ಬಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಲಂಡನ್ನಿನಲ್ಲಿ ಇಂದಿಗೂ ಅದರ ಅಭಿಮಾನಿಗಳಿದ್ದಾರೆ, ಅವರು ಪಟ್ಟ ಪಾಡೇ ಅವರಿಗೆ ಸಾಕು. ನಮ್ಮ ಮನೆಯಲ್ಲೂ ಅದರ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ, ‘ನಮ್ಮವ್ರು’ ಎಂದರೆ ಮುಗಿಯಿತು. ಧಾರವಾಡದಿಂದ ಬಂದು ಲಂಡನ್ನಿನ ಅಂಚಿನ ಹ್ಯಾರೋದಲ್ಲಿ ಮನೆ ಮಾಡಿದ ನಮಗೆ ಅವರು ಯಾವ ಬಳ್ಳಿಯಿಂದ ನಮ್ಮವರಾದರು ಎಂದು ಕೇಳಿದರೆ ಅಪ್ಪ ಪಕ್ಕದ ಮನೆಯ ಬೇಲಿಯ ಕಡೆ ಬೆರಳು ತೋರಿಸುತ್ತಿದ್ದ. ನಾವು ಬಂದ ಮೊದಲ ಚಳಿಗಾಲದಲ್ಲಿ ಪಕ್ಕದ ಮನೆಯ ರಾನ್ ಎಂಬ ಮುದುಕ ಬೇಲಿಯ ಆಚೆಯಿಂದ, ನೀವು ಯಾವ ಟೀಮಿನ ಕಡೆಯವರು ಎಂದು ಕೇಳಿದನಂತೆ. ಅಪ್ಪ ಮರ್ಯಾದೆಗೆಂದು, ನೀವು ಯಾರ ಕಡೆಯೋ ನಾವೂ ಅವರ ಕಡೆಯೇ ಎಂದನಂತೆ. ಬೀಗರ ಮನೆಯಲ್ಲಿ ಬೇಡವೆನ್ನಲಾಗದೆ ಇನ್ನೊಂದು ಹೋಳಿಗೆ ಹಾಕಿಸಿಕೊಂಡಂತೆ ಹಾಕಿಸಿಕೊಂಡ ಕ್ಲಬ್ಬು ಅದು. ಆಮೇಲೆ ಬಿಡಲು ಆಗಲೇ ಇಲ್ಲ.

ಹ್ಯಾರೋದ ನಮ್ಮ ಬೀದಿಯ ಮನೆಗಳು ಜೋಡಿ ಜೋಡಿ. ನಮಗೂ ರಾನ್‌ನಿಗೂ ನಡುವೆ ಒಂದೇ ಗೋಡೆ. ಅವನು ಕೆಮ್ಮಿದರೆ ನಮಗೆ ಕೇಳುತ್ತಿತ್ತು, ಅವ್ವ ರೊಟ್ಟಿ ಬಡಿದರೆ ಅವನಿಗೆ ಕೇಳುತ್ತಿತ್ತು. ಮುಂದಿನ ಕೋಣೆಯಲ್ಲಿ ಹಿಂದಿನ ಮಾಲೀಕರು ಬಿಟ್ಟುಹೋದ ಕಂದು ಸೋಫಾ, ಟಿವಿ, ವಿಡಿಯೋ ಪ್ಲೇಯರ್, ಟಿವಿಯ ಮೇಲಿನ ಗೋಡೆಗೆ ಬಸವಣ್ಣನ ಫೋಟೋ. ಅದರ ಹಿಂದೆ ಅಡುಗೆಮನೆ. ಎರಡರ ನಡುವಿನ ಗೋಡೆಯಲ್ಲಿ ತಟ್ಟೆ ದಾಟಿಸಲೆಂದು ಕೊರೆದ ಒಂದು ಚೌಕ ಕಿಂಡಿ, ಅದಕ್ಕೆ ಎರಡು ಪುಟ್ಟ ಕದಗಳು. ಊರಿನಿಂದ ಬಂದವರೆಲ್ಲ ಆ ಕಿಂಡಿ ನೋಡಿ, ಇದೇನು ಟಿಕೀಟು ಕೊಡುವ ಜಾಗವೇ ಎಂದು ಕೇಳುತ್ತಿದ್ದರು. ಅಪ್ಪ ಅಲ್ಲಿನ ನಗರಸಭೆಯಾದ ಕೌನ್ಸಿಲ್ಲಿನಲ್ಲಿ ಇಂಜಿನಿಯರ್. ಸೇತುವೆಗಳು ಎಷ್ಟು ಭಾರ ತಡೆಯುತ್ತವೆ ಎಂದು ಲೆಕ್ಕ ಹಾಕುವುದು ಅವನ ಕೆಲಸ. ಬೆಕ್ಕು ಅಡ್ಡ ಬಂದರೆ ನಿಲ್ಲುವವನಲ್ಲ, ರಾಹುಕಾಲ ಕೇಳಿದವನಲ್ಲ, ಊರಲ್ಲಿ ಜ್ಯೋತಿಷಿಯೊಬ್ಬನನ್ನು ಹೊಸ್ತಿಲಿನಿಂದಲೇ ವಾಪಸು ಕಳಿಸಿದ್ದನ್ನು ಈಗಲೂ ಹೆಮ್ಮೆಯಿಂದ ಹೇಳುತ್ತಾನೆ. ಅಂಥ ಮನುಷ್ಯನ ತಲೆಯಲ್ಲಿ ಫುಟ್‌ಬಾಲಿಗೆ ಮಾತ್ರ ಬೇರೆಯದೇ ಒಂದು ಖೋಲಿ ಇತ್ತು. ಅಲ್ಲಿ ಲೆಕ್ಕಕ್ಕೂ ವಿಜ್ಞಾನಕ್ಕೂ ಪ್ರವೇಶವಿರಲಿಲ್ಲ, ನನಗೂ ಇರಲಿಲ್ಲ.

ಆಟಗಾರರಿಗೆ ಅಪ್ಪ ಇಟ್ಟ ಹೆಸರುಗಳೇ ನಮ್ಮ ಮನೆಯಲ್ಲಿ ಚಲಾವಣೆಯಲ್ಲಿದ್ದವು. ಗೋಲ್‌ಕೀಪರ್ ‘ತೂತಗಡಿಗಿ’. ನಡುವೆ ಆಡುತ್ತಿದ್ದ ಗಿಡ್ಡನೆಯ ಮನುಷ್ಯ ತಾನು ಓಡುವುದಕ್ಕಿಂತ ಹೆಚ್ಚಾಗಿ ಬೆರಳು ತೋರಿಸಿ ಉಳಿದವರನ್ನು ಓಡಿಸುತ್ತಿದ್ದ, ಅವನು ‘ಗಿಡ್ಡಮಾಸ್ತರ’. ಅಂಚಿನಲ್ಲಿ ಓಡುವ ಹುಡುಗ ಚೆಂಡು ಸಿಕ್ಕಿದ್ದೇ ತಡ ತಲೆ ಬಗ್ಗಿಸಿ ಓಡಿ, ಎದುರಿಗೆ ಗೆರೆ ಬಂದರೂ ನಿಲ್ಲದೆ ಚೆಂಡಿನ ಸಮೇತ ಹೊರಗೆ ಹೋಗಿಬಿಡುತ್ತಿದ್ದ. ಅವನು ‘ಹುಚ್ಚಗುದುರಿ’. ಇವರೆಲ್ಲರ ಮೇಲೆ ‘ದೇಸಾಯಿ’. ಗೋಲು ಹೊಡೆಯಬೇಕಾದವನು ಅವನು. ಎತ್ತರದ ಆಳು, ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟರೆ ಚೆಂಡು ತಾನಾಗಿ ಕಾಲಬುಡಕ್ಕೆ ಬರಬೇಕು. ಬಂದರೆ ಮಾತ್ರ ಹೊಡೆತವೆಂದರೆ ಹೊಡೆತ! ನೋಡಿದವರ ಮೈ ಜುಂ ಎನ್ನಬೇಕು. ಬರದಿದ್ದರೆ ಇಡೀ ಮಧ್ಯಾಹ್ನ ಅಲ್ಲೇ ಹವೆ ತಿನ್ನುತ್ತ ನಿಂತಿರುತ್ತಿದ್ದ. ಅವನ ಮೇಲೆ ಅಪ್ಪನಿಗೆ ಎಷ್ಟು ಸಿಟ್ಟೋ ಅಷ್ಟೇ ಮೋಹ. ನನ್ನ ತಮ್ಮ ಬಸುವಿಗೆ ಇದ್ಯಾವುದೂ ಬೇಕಾಗಿರಲಿಲ್ಲ. ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತ, ಸೋಫಾದ ಮೇಲೆ ಕಾಮಿಕ್ಸ್ ಓದುತ್ತ ಬಿದ್ದಿರುತ್ತಿದ್ದ. ಈ ಹೆಸರುಗಳಿಗೆ ಸರಿಹೊಂದುವ ಮನುಷ್ಯರನ್ನು ಗುರುತು ಹಿಡಿದು, ಯಾರಿಗೆ ಗಾಯ, ಯಾರು ಯಾರ ಬದಲಿಗೆ ಎಂದು ತಿಳಿದುಕೊಂಡವಳು ಮನೆಯಲ್ಲಿ ನಾನೊಬ್ಬಳೇ.

ನನ್ನ ಮೇಲೆ ಅಪವಾದ ಬಂದದ್ದು ಮಿರ್ಚಿ ಭಜಿಯಿಂದ. ಕಪ್ ಪಂದ್ಯವೊಂದು ನಮ್ಮ ಟಿವಿಯಲ್ಲೇ ನೇರವಾಗಿ ಬರುತ್ತಿತ್ತು. ಅವ್ವ ಕೊಟ್ಟ ಭಜಿಯ ತಟ್ಟೆ ಹಿಡಿದು ನಾನು ಕೋಣೆಗೆ ಬಂದ ಗಳಿಗೆಗೆ ಸರಿಯಾಗಿ ದೇಸಾಯಿ ಪೆನಾಲ್ಟಿ ಹೊಡೆಯಲು ನಿಂತಿದ್ದ. ಹೊಡೆದ, ಚೆಂಡು ಆಕಾಶಕ್ಕೆ ಹೋಯಿತು. ಮುಂದಿನ ಸಲ ನಾನು ಚುರುಮರಿ ಸೂಸ್ಲಾ ತಂದಾಗ ತೂತಗಡಿಗಿ ತನ್ನ ಹೆಸರು ಉಳಿಸಿಕೊಂಡ. ಮೂರನೆಯ ಸಲ ಕೈಯಲ್ಲಿ ಏನೂ ಇರಲಿಲ್ಲ, ಬರೀ ಬಾಗಿಲಲ್ಲಿ ತಲೆ ಹಾಕಿ ಎಷ್ಟಾಯಿತು ಎಂದು ಕೇಳಿದೆ. ಆಗಲೂ ಗೋಲು ಬಿತ್ತು. ಅಪ್ಪ ರಿಮೋಟ್ ಕೆಳಗಿಟ್ಟು ನನ್ನ ಪಾದಗಳನ್ನು ನೋಡಿದ. ಮುಖವನ್ನಲ್ಲ, ಪಾದಗಳನ್ನು.

“ಈಕಿ ಕಾಲ್ಗುಣನ ಸರಿ ಇಲ್ಲ ನೋಡು,” ಎಂದ ಅವ್ವನಿಗೆ.

“ಅಪ್ಪಾ, ನಾ ಏನ್ ಮಾಡೀನಿ? ನಾ ಬರೂಕಿಂತ ಮೊದಲಽ ಅಂವಾ ಚೆಂಡ ಬಿಟ್ಟಿದ್ದ!”

“ನೀ ಏನೂ ಮಾಡಿಲ್ಲ ನೀಲಾ. ಆದ್ರ ಆಟ ಮುಗಿಯೂ ತನಕಾ ಒಳಗ ಬರಬ್ಯಾಡ. ನಮ್ಮವ್ವ ಅಲ್ಲೇನ ನೀ?”

ಹೀಗೆ ಮುದ್ದು ಮಾಡಿ ಹೊರಗೆ ಹಾಕಿದರೆ ಏನು ಮಾಡುವುದು? ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅಂದಿನಿಂದ ನಿಯಮವೇ ಆಗಿಹೋಯಿತು. ಶನಿವಾರ ನಮ್ಮ ದೇಶದವರ ಅಂಗಡಿಗಳಿದ್ದ ಸೌತ್‌ಹಾಲ್‌ಗೆ ಜೋಳದ ಹಿಟ್ಟು, ಕಾಯಿಪಲ್ಲೆ ತರಲು ಹೋದಾಗ ಅಪ್ಪ ಬಸುವನ್ನು ಕರೆದುಕೊಂಡು ಕಾರಿನಲ್ಲಿ ರೇಡಿಯೋ ಹಚ್ಚಿ ಕೂರುತ್ತಿದ್ದ. ಸಾಮಾನು ಕೊಂಡದ್ದು ಮುಗಿದರೂ ಅವ್ವನೂ ನಾನೂ ಕೈಚೀಲ ಹಿಡಿದು ಅಂಗಡಿಯಲ್ಲಿ ಮೆಂತ್ಯದ ಸೂಡುಗಳ ನಡುವೆ ಆಟ ಮುಗಿಯುವುದನ್ನು ಕಾಯುತ್ತ ನಿಲ್ಲಬೇಕು. ಅಂಗಡಿಯ ಪಂಜಾಬಿ ಅಜ್ಜ ಪ್ರತಿ ಸಲವೂ ಕೇಳುತ್ತಿದ್ದ, ಇನ್ನೇನು ಬೇಕು ಬೇಟಿ ಎಂದು. ಏನಂತ ಹೇಳುವುದು? ನನ್ನ ಕಾಲು ಕಾರಿನೊಳಗೆ ಹೋದರೆ ದೂರದ ಊರಿನಲ್ಲಿ ಓಡುತ್ತಿರುವ ಹನ್ನೊಂದು ಗಂಡಸರು ಮುಗ್ಗರಿಸಿ ಬೀಳುತ್ತಾರೆ ಎಂದೇ?

ಎಲ್ಲಕ್ಕಿಂತ ತಲೆ ಕೆಡಿಸುತ್ತಿದ್ದದ್ದು ಟೇಪು. ಭಾನುವಾರ, ಸೋಮವಾರದ ಆಟಗಳು ಡಿಶ್ ಇದ್ದವರಿಗೆ ಮಾತ್ರ ಬರುತ್ತಿದ್ದವು. ನಮ್ಮ ಮನೆಗೆ ಡಿಶ್ ಇರಲಿಲ್ಲ, ರಾನ್‌ಗೆ ಇತ್ತು. ಅವನ ಮನೆಗೇ ಹೋಗಿ ನೋಡಬಹುದಿತ್ತು, ಆದರೆ ಆಟದ ಹೊತ್ತಿನಲ್ಲಿ ಅವನು ಹೆಂಡತಿಯನ್ನೂ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಹಾಗಾಗಿ ಅವನು ಆಟವನ್ನು ಟೇಪು ಮಾಡಿ ಮರುದಿನ ಸಂಜೆ ಬೇಲಿಯ ಮೇಲಿಂದ ಕೊಡುತ್ತಿದ್ದ. ಅಲ್ಲಿಯವರೆಗೆ ಅಪ್ಪ ಪೇಪರು ನೋಡುತ್ತಿರಲಿಲ್ಲ, ಆಫೀಸಿನಲ್ಲಿ ಯಾರಾದರೂ ಬಾಯಿ ತೆರೆದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ. ಮುಗಿದುಹೋದ ಆಟ. ಆಡಿದವರು ಸ್ನಾನ ಮಾಡಿ, ಮನೆಗೆ ಹೋಗಿ, ಉಂಡು ಮಲಗಿ ಎದ್ದಾಗಿದೆ. ಅಂಥ ಆಟದ ಹೊತ್ತಿನಲ್ಲೂ ನಾನು ಕೋಣೆಗೆ ಬರುವಂತಿಲ್ಲ! ಒಂದು ದಿನ ತಡೆಯಲಾಗದೆ ಕಿಂಡಿಯಲ್ಲಿ ತಲೆ ತೂರಿಸಿ ಕೂಗಿದೆ:

“ಅಪ್ಪಾ, ಅದು ನಿನ್ನೆನಽ ಮುಗದೈತಿ! ಇವತ್ತ ನಾ ಬಂದ್ರ ನಿನ್ನೆ ಗೋಲು ಹೆಂಗ ಬೀಳತೈತಿ?”

“ಮುಗದದ್ದು ಅವ್ರಿಗೆ. ನಮಗ ಗೊತ್ತಾಗಿಲ್ಲಲ್ಲ? ಗೊತ್ತಾಗೂ ತನಕಾ ಮುಗದಂಗಲ್ಲ.”

ಈ ಮಾತು ಹೇಳಿದವನು ಸೇತುವೆ ಕಟ್ಟುವ ಇಂಜಿನಿಯರ್ ಎಂಬುದನ್ನು ದಯವಿಟ್ಟು ಮರೆಯಬೇಡಿ. ನಾನು ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತು ಅತ್ತೆ. ಆಟ ತಪ್ಪಿದ್ದಕ್ಕಲ್ಲ. ಸುಮ್ಮನೆ ಒಮ್ಮೆ, ‘ನಿನ್ನ ಕಾಲಿಗೂ ಆಟಕ್ಕೂ ಏನೂ ಸಂಬಂಧವಿಲ್ಲ’ ಎಂದು ಅಪ್ಪ ಹೇಳಲಿ ಎನ್ನಿಸುತ್ತಿತ್ತು. ಅಷ್ಟು ಹೇಳಿ ಆಮೇಲೆ ಬೇಕಾದರೆ ಒಳಗೆ ಬಿಡದಿರಲಿ. ಶಾಲೆಯಲ್ಲಿ ಮಾರ್ಕು ಕಡಿಮೆ ಬಂದರೆ, ಬಸುವಿಗೆ ಜ್ವರ ಬಂದರೆ, ಕಾರು ಕೆಟ್ಟು ನಿಂತರೆ, ನಾನು ಆಗ ಎಲ್ಲಿದ್ದೆ, ಯಾವ ಬಾಗಿಲು ದಾಟಿದೆ ಎಂದು ನನಗೆ ನಾನೇ ಕೇಳಿಕೊಳ್ಳುವುದು ಶುರುವಾಗಿತ್ತು. ಗೆಳತಿಯರ ಹುಟ್ಟುಹಬ್ಬಕ್ಕೆ ಹೋದರೆ ಮೇಣದಬತ್ತಿ ಆರಿಸುವವರೆಗೂ ಹೊರಗೇ ನಿಂತಿರುತ್ತಿದ್ದೆ. ಅಪ್ಪನಿಗೆ ಅದು ತಮಾಷೆಯೂ ಹೌದು, ನಂಬಿಕೆಯೂ ಹೌದು. ನನಗೆ ಮಾತ್ರ ತಮಾಷೆಯಾಗಿರಲಿಲ್ಲ.

ಆದರೂ ಹಟ ಬಿಡಲಿಲ್ಲ. ಕಿಂಡಿಯ ಕದವನ್ನು ಸ್ವಲ್ಪ ಸರಿಸಿದರೆ ಸ್ಟೂಲಿನ ಮೇಲಿನಿಂದ ಟಿವಿಯ ಎಡ ಅರ್ಧ ಕಾಣುತ್ತಿತ್ತು. ಬಲ ಅರ್ಧಕ್ಕೆ ಅಪ್ಪನ ತಲೆ ಅಡ್ಡ. ನಾನು ಕಲಿತ ಫುಟ್‌ಬಾಲೆಲ್ಲ ಆ ಎಡ ಅರ್ಧದ್ದು. ಎಡಗಡೆಯ ಗೋಲಿಗೆ ಬಿದ್ದದ್ದನ್ನು ಕಣ್ಣಾರೆ ನೋಡಿದೆ, ಬಲಗಡೆಯದನ್ನು ಅಪ್ಪನ ಕೂಗಿನಿಂದ ಊಹಿಸಿದೆ. ಅವನು ಎದ್ದು ನಿಂತರೆ ನಮ್ಮವರ ಗೋಲು, ಹಣೆ ಬಡಿದುಕೊಂಡರೆ ಎದುರಿನವರದ್ದು, ‘ಏ ದೇಸಾಯಿ, ನಿನ್ನ ಹೆಣಾ ಎತ್ತಲಿ’ ಎಂದರೆ ಆಗಬೇಕಾಗಿದ್ದದ್ದು ಆಗಲಿಲ್ಲ ಎಂದರ್ಥ. ಅವ್ವ ಹಿಂದೆ ರೊಟ್ಟಿ ಬಡಿಯುತ್ತ, ಕಾರ್ನರ್ ಹೊಡೆಯುವಾಗ ಸದ್ದು ಮಾಡಬೇಡ ಎಂದು ಅಪ್ಪ ಕೂಗಿದರೆ ಮತ್ತಷ್ಟು ಜೋರಾಗಿ ಬಡಿಯುತ್ತಿದ್ದಳು.

ರಾನ್‌ನ ಮೇಲೆ ನನಗೊಂದು ಆಸೆ ಇತ್ತು. ಈ ನಾಡಿನವನು, ಎಂಥೆಂಥ ಆಟಗಾರರನ್ನು ನೋಡಿದವನು, ಅವನಾದರೂ ಅಪ್ಪನಿಗೆ ಬುದ್ಧಿ ಹೇಳಿಯಾನು ಎಂದುಕೊಂಡಿದ್ದೆ. ಅವನ ಕಥೆಗಳು ಒಂದೊಂದೂ ಬಂಗಾರ. ಅವನ ಬಾಲ್ಯದಲ್ಲಿ ಚೆಂಡು ಮಳೆ ನೀರು ಕುಡಿದು ಕಲ್ಲಿನಷ್ಟು ಭಾರವಾಗುತ್ತಿತ್ತಂತೆ. ಆಟಗಾರರು ಆಟ ನೋಡಲು ಹೋಗುವವರ ಬಸ್ಸಿನಲ್ಲೇ ಚೀಲ ಹಿಡಿದು ನಿಂತುಕೊಂಡು ಬರುತ್ತಿದ್ದರಂತೆ, ಸೋತರೆ ಅದೇ ಬಸ್ಸಿನಲ್ಲಿ ಬೈಗುಳ ತಿನ್ನುತ್ತ ವಾಪಸು ಹೋಗುತ್ತಿದ್ದರಂತೆ. ಒಂದು ಸಂಜೆ ಬೇಲಿಯ ಹತ್ತಿರ ಅಪ್ಪ ಅವನಿಗೆ ನನ್ನ ಕಾಲ್ಗುಣವನ್ನು ಇಂಗ್ಲಿಷಿನಲ್ಲಿ ವಿವರಿಸಿದ. ಈಗ ನಗುತ್ತಾನೆ ನೋಡು ಎಂದು ನಾನು ಕಾದೆ. ಆ ಪುಣ್ಯಾತ್ಮ ನಗಲಿಲ್ಲ. ಗಂಭೀರವಾಗಿ ತಲೆ ಆಡಿಸಿ, ತನ್ನ ಹೆಂಡತಿಯದೂ ಅದೇ ಕಥೆ, ಅದಕ್ಕೇ ಆಟದ ದಿನ ಅವಳನ್ನು ತಂಗಿಯ ಮನೆಗೆ ಕಳಿಸುತ್ತೇನೆ ಎಂದ. ಗೆದ್ದ ದಿನ ಕೊರಳಲ್ಲಿದ್ದ ಮಫ್ಲರನ್ನು ಇಡೀ ಸೀಸನ್ ಒಗೆಯುವುದಿಲ್ಲ ಎಂದೂ ಹೇಳಿದ. ಅಪ್ಪ ಒಳಗೆ ಬಂದು, ‘ಮಫ್ಲರ್ ಒಗ್ಯೂದಿಲ್ಲಂತ, ಎಂಥಾ ಹುಚ್ಚರೋ ಈ ಮಂದಿ’ ಎಂದು ಅವ್ವನ ಮುಂದೆ ನಕ್ಕ. ಅವ್ವ ಅವನನ್ನೂ ನನ್ನನ್ನೂ ನೋಡಿ ಹಣೆ ಗಟ್ಟಿಸಿಕೊಂಡಳು.

ನನಗೆ ಹದಿಮೂರಾದ ವರ್ಷ ರಾನ್‌ನ ಮಕ್ಕಳಿಬ್ಬರೂ ರಜೆಗೆ ಹೋಗಿ, ಮೈದಾನದಲ್ಲಿ ಅವನ ಪಕ್ಕದ ಅವರ ಎರಡು ಸೀಟು ಒಂದು ಶನಿವಾರಕ್ಕೆ ಖಾಲಿ ಉಳಿದವು. ಬೇಕೇ ಎಂದು ಅಪ್ಪನನ್ನು ಕೇಳಿದ. ಅಪ್ಪ ಅದುವರೆಗೆ ಮೈದಾನ ನೋಡಿದವನಲ್ಲ. ಎರಡು ಸೀಟು: ಒಂದು ಅಪ್ಪನಿಗೆ, ಇನ್ನೊಂದು ಯಾರಿಗೆ ಎಂದು ಕೇಳುವ ಅಗತ್ಯವೇ ಇರಲಿಲ್ಲ, ಮನೆಯಲ್ಲಿ ಫುಟ್‌ಬಾಲ್ ಗೊತ್ತಿದ್ದವಳು ನಾನೊಬ್ಬಳೇ ಎಂದು ನಾನು ಅಂದುಕೊಂಡಿದ್ದೆ. ಶುಕ್ರವಾರ ಊಟದ ಹೊತ್ತಿಗೆ ಅಪ್ಪ ಬಸುವಿಗೆ, ನಾಳೆ ದಪ್ಪನೆಯ ಕೋಟು ಹಾಕಿಕೋ ಎಂದ.

“ಡ್ಯಾಡ್, ಐ ಡೋಂಟ್ ಈವನ್ ಲೈಕ್ ಇಟ್,” ಎಂದ ಬಸು.

“ಹೋದ ಮ್ಯಾಲ ಲೈಕ್ ಆಕೈತಿ, ಸುಮ್ನ ಉಣ್ಣು.”

“ನಾನಪ್ಪಾ?” ಎಂದೆ ನಾನು.

ಅಪ್ಪ ಶೇಂಗಾ ಚಟ್ನಿಗೆ ಎಣ್ಣೆ ಹಾಕಿಕೊಳ್ಳುತ್ತ, ತಲೆ ಎತ್ತದೆ ಹೇಳಿದ:

“ಮನ್ಯಾಗಿಂದನ ಇಷ್ಟ ಪರಿಣಾಮ ಆಕೈತಿ. ಮೈದಾನಕ್ಕ ಕರಕೊಂಡ ಹೋದ್ರ ರಾನ್ ನನ್ನ ಮಾರಿ ನೋಡೂದಿಲ್ಲ ಬೇ.”

ನಾನು ಅಳಲಿಲ್ಲ. ಅವ್ವ ಮಾತ್ರ ತವೆಯ ಮೇಲಿನ ರೊಟ್ಟಿ ಹೊತ್ತುಹೋಗುತ್ತಿದ್ದರೂ ತಿರುವಿಹಾಕದೆ ನಿಂತಿದ್ದಳು. ಮರುದಿನ ಅವರು ಹೋದ ಮೇಲೆ ಮಹಡಿಯಿಂದ ಇಳಿದು ಬಂದಳು. ಇಳಕಲ್ ಸೀರೆಯ ಮೇಲೆ ಚಳಿಗಾಲದ ಕೋಟು, ಕಾಲಲ್ಲಿ ಬೂಟು, ಹಣೆಗೆ ವಿಭೂತಿ. ‘ನಡಿ’ ಎಂದಳು. ಎಲ್ಲಿಗೆ ಎಂದರೆ, ‘ಆ ದೇಸಾಯಿ ಎಲ್ಲಿ ನಿಂತಿರ್ತಾನೋ ಅಲ್ಲಿಗೆ’ ಎಂದಳು.

ಮೆಟ್ರೋಪಾಲಿಟನ್ ಲೈನಿನ ಟ್ಯೂಬ್ ರೈಲಿನಲ್ಲಿ ಕ್ಲಬ್ಬಿನ ಬಣ್ಣದ ಮಫ್ಲರ್ ಹಾಕಿಕೊಂಡ ಗಂಡಸರ ನಡುವೆ ನಾವಿಬ್ಬರೂ ಕುಳಿತೆವು. ಟಿಕೀಟಿಲ್ಲದೆ ಹೋಗಿ ಏನು ಮಾಡುವುದು ಎಂಬ ಯೋಚನೆ ಅವ್ವನಿಗೆ ಇದ್ದಂತಿರಲಿಲ್ಲ. ಕಿಟಕಿಯ ಹೊರಗೆ ನೋಡುತ್ತಲೇ, ಅದುವರೆಗೆ ಯಾರ ಮುಂದೆಯೂ ಹೇಳದ ಮಾತು ತೆಗೆದಳು.

“ನಾ ಲಗ್ನ ಆಗಿ ನಿಮ್ಮ ಅಜ್ಜಿ ಮನಿ ಹೊಸ್ತಿಲಾ ದಾಟಿದ ವಾರಕ್ಕ ಅವರ ಎಮ್ಮಿ ಸತ್ತಿತು. ಸೊಸಿ ಕಾಲ್ಗುಣ ಅಂದ್ರು. ನಿನ್ನ ಹಡಿಯೂ ತನಕಾ ನನಗ ‘ಎಮ್ಮಿ ತಿಂದಾಕಿ’ ಅಂತನಽ ಕರದ್ರು.”

“ಎಮ್ಮಿಗೆ ಏನಾಗಿತ್ತವ್ವಾ?”

“ಮುಪ್ಪಾಗಿತ್ತು. ಮೊದಲಽ ಸಾಯಾಕ ಬಿದ್ದಿತ್ತು. ನನ್ನ ಲಗ್ನದ್ದ ದಾರಿ ಕಾಯ್ತಿತ್ತೋ ಏನೋ, ಹಾಳಾದ್ದು!”

“ಅಪ್ಪ ಏನಂದ?”

“ಆವಾಗೂ ನಿಮ್ಮಪ್ಪ ಚಟ್ನಿಗೆ ಎಣ್ಣಿ ಹಾಕೋತಿದ್ದ.”

ಮೈದಾನದ ಹೊರಗೆ ಈರುಳ್ಳಿ ಹುರಿಯುವ ವಾಸನೆ, ಪೊಲೀಸರ ಕುದುರೆಗಳು, ಇಟ್ಟಿಗೆಯ ಎತ್ತರದ ಗೋಡೆ. ಒಳಗೆ ಆಟ ಶುರುವಾಗಿತ್ತು. ನಾವು ಗೋಡೆಗೆ ಒರಗಿ ನಿಂತು ವಿನೆಗರ್ ಸುರಿದ ಚಿಪ್ಸ್ ತಿಂದೆವು. ಇದೇನು, ಉಪ್ಪಿನಕಾಯಿ ಕೆಟ್ಟ ಹಾಗಿದೆ ಎಂದು ಅವ್ವ ಮುಖ ಸಿಂಡರಿಸಿದಳು. ಒಳಗಿನ ಸದ್ದುಗಳನ್ನು ನಾನು ಅವಳಿಗೆ ಬಿಡಿಸಿ ಹೇಳುತ್ತಿದ್ದೆ. ಈಗ ಕಾರ್ನರ್, ಈಗ ಹುಚ್ಚಗುದುರಿ ಗೆರೆ ದಾಟಿ ಹೋದ, ಈಗ ರೆಫರಿಗೆ ಬೈಯುತ್ತಿದ್ದಾರೆ. ಕಿಂಡಿಯಲ್ಲಿ ಕಲಿತ ವಿದ್ಯೆ ಅಲ್ಲಿ ಚೆನ್ನಾಗಿ ಕೆಲಸಕ್ಕೆ ಬಂತು. ಎರಡು ಸಲ ನೆಲವೇ ಅದುರುವ ಹಾಗೆ ಕೂಗಿದಾಗ, ಎರಡು ಗೋಲು ಹೊಡೆದರು ಎಂದೆ. ಅವ್ವ ಗೇಟಿನ ಹತ್ತಿರ ನಿಂತಿದ್ದ ಹಳದಿ ಜಾಕೆಟ್ಟಿನವನ ಹತ್ತಿರ ಹೋಗಿ ತನ್ನ ಇಂಗ್ಲಿಷಿನಲ್ಲಿ, ಅವರ್ ಪೀಪಲ್ ವಿನ್ನಿಂಗ್ ಎಂದು ಕೇಳಿ ಖಾತ್ರಿ ಮಾಡಿಕೊಂಡು ಬಂದಳು. ಜಿನುಗು ಮಳೆ ಹಿಡಿದಿತ್ತು, ಚಳಿಗೆ ನನ್ನ ಮೂಗು ಸೋರುತ್ತಿತ್ತು. ಮನೆಗೆ ಹೋಗೋಣ ಎಂದು ನಾನೇ ಎರಡು ಸಲ ಹೇಳಿದರೂ ಅವ್ವ ಕದಲಲಿಲ್ಲ.

ಆಗ ಅಲ್ಲೊಂದು ಪದ್ಧತಿ ಇತ್ತು, ನಮಗೆ ಗೊತ್ತಿರಲಿಲ್ಲ. ಜನ ಹೊರಗೆ ಬರಲು ಅನುಕೂಲವಾಗಲೆಂದು ಆಟ ಮುಗಿಯುವ ಸ್ವಲ್ಪ ಮೊದಲೇ ದೊಡ್ಡ ಗೇಟುಗಳನ್ನು ತೆರೆದುಬಿಡುತ್ತಿದ್ದರು. ಹಳದಿ ಜಾಕೆಟ್ಟಿನವನು ಗೇಟು ಎಳೆದು, ಸೀರೆಯ ಅಂಚು ಒದ್ದೆಯಾದ ನಮ್ಮ ಅವ್ವನನ್ನೂ ನನ್ನನ್ನೂ ನೋಡಿ, ಒಳಗೆ ಹೋಗಿ ಎಂದು ಗದ್ದದಿಂದ ಸನ್ನೆ ಮಾಡಿದ. ನಾನು ಹೊಸ್ತಿಲ ಮೇಲೆ ನಿಂತುಬಿಟ್ಟೆ. ನಿಜ ಹೇಳುತ್ತೇನೆ, ಕಾಲು ಮುಂದೆ ಬರಲಿಲ್ಲ. ಎರಡು ಗೋಲಿನಿಂದ ಗೆಲ್ಲುತ್ತಿದ್ದಾರೆ, ನಾನು ಹೋಗಿ ಹಾಳು ಮಾಡುವುದು ಬೇಡ ಎಂದು ಅನ್ನಿಸಿತು. ಅವ್ವ ನನ್ನ ರಟ್ಟೆ ಹಿಡಿದು ಒಳಗೆ ಎಳೆದಳು. ಮೆಟ್ಟಿಲು ಹತ್ತಿದರೆ ಎದುರಿಗೆ ಇಡೀ ಮೈದಾನ. ಎಡಗಡೆಯ ಗೋಲೂ ಬಲಗಡೆಯ ಗೋಲೂ ಎರಡೂ ಒಟ್ಟಿಗೆ ಕಂಡವು. ಮೈದಾನ ಅಷ್ಟು ಹಸಿರಾಗಿರುತ್ತದೆ, ಅಷ್ಟು ಅಗಲವಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ದೂರದಲ್ಲಿ ದೇಸಾಯಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಗಿಡ್ಡಮಾಸ್ತರ ಒಂದು ಚೆಂಡನ್ನು ಅವನ ಕಾಲಬುಡಕ್ಕೇ ತಂದಿಟ್ಟ. ಹೊಡೆದ, ಗೋಲು. ನನ್ನ ಮುಂದೆ ನಿಂತಿದ್ದ ಅಪರಿಚಿತ ಹೆಂಗಸು ತಿರುಗಿ ನನ್ನನ್ನು ಅಪ್ಪಿಕೊಂಡಳು. ಅವ್ವನಿಗೆ ನಿಯಮ ಒಂದೂ ಗೊತ್ತಿಲ್ಲ, ಆದರೂ ಎರಡೂ ಕೈಯೆತ್ತಿ ಕುಣಿದಳು.

ಹೊರಗೆ ಗೇಟಿನ ಹತ್ತಿರ ಅಪ್ಪನನ್ನು ಹಿಡಿದೆವು. ಗೆದ್ದ ಖುಷಿಯಲ್ಲಿ ಕೆಂಪಾಗಿದ್ದ ಮುಖ ನಮ್ಮನ್ನು ನೋಡಿ ಪೆಚ್ಚಾಯಿತು. ರಾನ್ ಟೋಪಿ ತೆಗೆದು ಅವ್ವನಿಗೆ ನಮಸ್ಕಾರ ಮಾಡಿದ.

“ಮೂರನೇ ಗೋಲ ಬೀಳೂವಾಗ ನಿಮ್ಮ ಮಗಳು ಒಳಗ ನಿಂತಿದ್ಲು,” ಎಂದಳು ಅವ್ವ. “ಈಗೇನಂತೀರಿ?”

ಅಪ್ಪ ಯೋಚಿಸಿದ. ಇಷ್ಟಾದ ಮೇಲೂ ಯೋಚಿಸಿದ!

“ಅಷ್ಟೊತ್ತಿಗೆ ಆಟ ಗೆದ್ದಾಗಿತ್ತಲ್ಲ,” ಎಂದ.

“ಹೌದೇನ್ರಿ? ಎಮ್ಮೀನೂ ಅಷ್ಟೊತ್ತಿಗೆ ಸತ್ತಂಗನಽ ಇತ್ತು. ನಿಮ್ಮವ್ವ ನನಗ ಮಾಡಿದ್ದನ್ನ ನೀವು ಈಕಿಗೆ ಮಾಡಾಕತ್ತೀರಿ. ನಾ ತಡಕೊಂಡೆ. ಈಕಿ ಯಾಕ ತಡಕೋಬೇಕು? ನಿಮ್ಮ ಮನ್ಯಾಗ ಇವಳು ಎಲ್ಲಿ ಕುಂದರಬೇಕು ಅನ್ನೂದನ್ನ ಇಲ್ಲೇ ಹೇಳ್ರಿ, ಅಂದ್ರ ನಾ ಮನಿಗೆ ಬರ್ತೀನಿ.”

ಸುತ್ತಲಿನ ಇಂಗ್ಲಿಷರಿಗೆ ಒಂದಕ್ಷರವೂ ತಿಳಿಯದಿದ್ದರೂ ಎಲ್ಲರೂ ದಾರಿ ಬಿಟ್ಟು ನಿಂತರು. ಅಪ್ಪ ನೆಲ ನೋಡುತ್ತ, ‘ಸೋಫಾದ ಮ್ಯಾಲ ಕುಂದರ್ಲಿ ಬಿಡು’ ಎಂದ. ಆಮೇಲೆ ದಾರಿಯುದ್ದಕ್ಕೂ ಬಸು ತನಗೆ ಹಸಿವಾಗಿದೆ ಎಂದು ಇಂಗ್ಲಿಷಿನಲ್ಲಿ ಹೇಳುತ್ತಲೇ ಇದ್ದ.

ಮುಂದಿನ ಟೇಪು ಬಂದಾಗ ಅಪ್ಪ ಸರಿದು ಜಾಗ ಮಾಡಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡ. ನಮ್ಮವರು ಒಂದಾದ ಮೇಲೊಂದರಂತೆ ಮೂರು ಗೋಲು ತಿಂದರು. ನಾನು ಕಾಲುಗಳನ್ನು ಸೋಫಾದ ಕೆಳಗೆ ಸರಿಸಿ ಕುಳಿತಿದ್ದೆ. ಆಟ ಮುಗಿದ ಮೇಲೆ ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದ:

“ನೀ ಇದ್ದದ್ದಕ್ಕ ಮೂರಕ್ಕ ನಿಂತ್ರು ನೋಡು. ಇಲ್ಲಾಂದ್ರ ಆರು ಆಗ್ತಿದ್ವು.”

ಅಯ್ಯೋ ನನ್ನ ಕರ್ಮವೇ! ತಪ್ಪು ತಿದ್ದಿಕೊಂಡಾನು ಎಂದು ಕಾದರೆ ಈ ಮನುಷ್ಯ ಅದನ್ನು ತಿರುವಿಹಾಕಿದ್ದ ಅಷ್ಟೆ. ಅಂದಿನಿಂದ ನನ್ನ ಕಾಲ್ಗುಣ ಒಳ್ಳೆಯದಾಯಿತು, ನನ್ನ ಬಾಳು ಮತ್ತೂ ಕೆಟ್ಟಿತು. ಮೊದಲು ಒಳಗೆ ಬರುವಂತಿರಲಿಲ್ಲ, ಈಗ ಹೊರಗೆ ಹೋಗುವಂತಿಲ್ಲ. ಪರೀಕ್ಷೆ ಇರಲಿ, ಜ್ವರ ಇರಲಿ, ಆಟದ ಹೊತ್ತಿಗೆ ನಾನು ಸೋಫಾದ ಎಡ ತುದಿಯಲ್ಲಿ ಇರಲೇಬೇಕು. ಬಾತ್‌ರೂಮಿಗೆ ಎದ್ದರೆ, ಕಾರ್ನರ್ ಮುಗಿಯಲಿ ತಡಿ ಎನ್ನುತ್ತಿದ್ದ. ಹತ್ತಿರದ ಅಕ್ಸ್‌ಬ್ರಿಡ್ಜಿನಲ್ಲಿ ಕಾಲೇಜು ಸೇರಿದೆ, ಅಲ್ಲೇ ಕೆಲಸ ಹಿಡಿದೆ, ಅಲ್ಲೇ ಒಂದು ಫ್ಲ್ಯಾಟ್ ಮಾಡಿದೆ. ಮೊಬೈಲು ಬಂದ ಮೇಲಂತೂ ಆಟ ಶುರುವಾಗುವ ಮೊದಲೇ ಫೋನು: ‘ಎಲ್ಲದೀ? ಲಗೂ ಬಾ, ಇವತ್ತ ಇವ್ರ ಲಕ್ಷಣಾ ಛಲೋ ಕಾಣವಲ್ದು.’

ಲಕ್ಷಣ ನಿಜವಾಗಿಯೂ ಚೆನ್ನಾಗಿರಲಿಲ್ಲ. ಹೊಸ ಶತಮಾನಕ್ಕೆ ಬಂದಾಗ ನಮ್ಮವರಲ್ಲಿ ನಮ್ಮವರು ಎನ್ನುವವರು ಯಾರೂ ಉಳಿದಿರಲಿಲ್ಲ. ಗಿಡ್ಡಮಾಸ್ತರ ರಿಟೈರಾದ. ಹುಚ್ಚಗುದುರಿಯನ್ನು ಉತ್ತರದ ಕ್ಲಬ್ಬೊಂದಕ್ಕೆ ಮಾರಿದರು, ಅಲ್ಲಿ ಹೋಗಿ ಗೆರೆಯ ಒಳಗೆ ನಿಲ್ಲುವುದನ್ನು ಕಲಿತನಂತೆ. ದೇಸಾಯಿ ಸೂಟು ಹಾಕಿಕೊಂಡು ಟಿವಿ ಸ್ಟುಡಿಯೋದಲ್ಲಿ ಕುಳಿತು, ಈಗಿನ ಹುಡುಗರು ಓಡುವುದೇ ಇಲ್ಲ ಎಂದು ದೂರತೊಡಗಿದ. ಅದನ್ನು ಕೇಳಿ ಅಪ್ಪ ಕೈಯಲ್ಲಿದ್ದ ಚಹಾ ಚೆಲ್ಲಿಕೊಂಡ. ಹೊಸಬರಲ್ಲಿ ಒಬ್ಬನ ಬೂಟು ಬಂಗಾರದ ಬಣ್ಣ, ಇನ್ನೊಬ್ಬನ ಕೂದಲು ವಾರಕ್ಕೊಂದು ಬಣ್ಣ. ಮೊದಲ ಸೀಸನ್ನಿನಲ್ಲಿ ಎದೆಯ ಮೇಲಿನ ಲಾಂಛನಕ್ಕೆ ಮುತ್ತು ಕೊಟ್ಟವರು ಎರಡನೆಯ ಸೀಸನ್ನಿಗೆ ಎದುರು ಟೀಮಿನಲ್ಲಿರುತ್ತಿದ್ದರು. ಅಪ್ಪ ಹೆಸರಿಡುವುದನ್ನೇ ಬಿಟ್ಟುಬಿಟ್ಟ. ತೊಟ್ಟಿಲಿಗೆ ಹಾಕುವಷ್ಟರಲ್ಲಿ ಮಾರಿಬಿಟ್ಟಿರುತ್ತಾರೆ, ಯಾರಿಗಂತ ಹೆಸರಿಡಲಿ ಎನ್ನುತ್ತಿದ್ದ. ರಾನ್ ಕೂಡ ಮಗಳ ಊರಿಗೆ ಹೋಗಿಬಿಟ್ಟಿದ್ದ, ಅವನ ಟೇಪು ನಿಂತ ಮೇಲೆ ಅಪ್ಪ ನಮ್ಮ ಮನೆಗೂ ಡಿಶ್ ಹಾಕಿಸಿದ್ದ. ಗೋಡೆಯ ಆಚೆಯಿಂದ ಕೆಮ್ಮು ಕೇಳಿಸದ ಮನೆಯಲ್ಲಿ ಅಪ್ಪ ಒಬ್ಬನೇ ನಮ್ಮವರನ್ನು ಬೈಯುತ್ತ ಕೂರುತ್ತಿದ್ದ.

ಕೊನೆಗೆ ಆ ದಿನ ಬಂತು. ಸೀಸನ್ನಿನ ಕಡೆಯ ಭಾನುವಾರ. ಸೋತರೆ ಕೆಳಗಿನ ಡಿವಿಜನ್ನಿಗೆ ಇಳಿಯಬೇಕು. ಬೆಳಿಗ್ಗೆಯಿಂದ ಅಪ್ಪನ ಫೋನು. ನಾನು ರೋಸಿಹೋಗಿದ್ದೆ. ಬೀಳುವುದಾದರೆ ಅವರ ಕಾಲಿನಿಂದಲೇ ಬೀಳಲಿ, ನಾನು ಬರುವುದಿಲ್ಲ ಎಂದು ಹಟ ಹಿಡಿದು ಬಟ್ಟೆ ಒಗೆಯುತ್ತ ಕುಳಿತೆ. ಮಧ್ಯಾಹ್ನ ಮನಸ್ಸು ತಡೆಯಲಿಲ್ಲ, ಹೊರಟೆ. ಅಂದು ಹಳಿಯ ರಿಪೇರಿ ಇದ್ದದ್ದರಿಂದ ಟ್ಯೂಬಿನ ಬದಲು ಬಸ್ಸು. ಬಸ್ಸು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ‘ಒಂದು ಬಿತ್ತು, ಎಲ್ಲದೀ?’ ಎಂದು ಫೋನು ಬಂತು. ‘ಇನ್ನೊಂದು ಬಿತ್ತು’ ಎಂದು ಬಂತು. ಆಮೇಲೆ ಫೋನು ಬರಲೇ ಇಲ್ಲ. ಹ್ಯಾರೋದಲ್ಲಿ ಇಳಿದಾಗ ಪಬ್ಬಿನ ಮುಂದೆ ನಮ್ಮವರ ಅಂಗಿ ತೊಟ್ಟ ಒಬ್ಬ ದೊಡ್ಡ ಗಂಡಸು ಫುಟ್‌ಪಾತಿನ ಮೇಲೆ ಕುಳಿತು ಅಳುತ್ತಿದ್ದ. ಇನ್ನು ಮನೆಯಲ್ಲಿ ಏನು ಕಾದಿದೆಯೋ, ಹತ್ತು ವರ್ಷದವಳಿದ್ದಾಗ ಅಂಟಿದ್ದು ಮತ್ತೆ ಅಂಟುತ್ತದೆ ಎಂದುಕೊಂಡೇ ನಡೆದೆ. ವಯಸ್ಸು ಇಪ್ಪತ್ತು ದಾಟಿತ್ತು, ಸ್ವಂತ ಸಂಬಳವಿತ್ತು, ಆದರೂ ಆ ಎರಡು ಗೋಲು ಬಿದ್ದಾಗ ನಾನು ಎಲ್ಲಿದ್ದೆ ಎಂದು ಲೆಕ್ಕ ಹಾಕುತ್ತಿದ್ದೆ.

ಅವ್ವ ಬಾಗಿಲು ತೆಗೆದು, ರೊಟ್ಟಿ ಬಡಿಯಲು ಅಡುಗೆಮನೆಗೆ ಹೋದಳು. ಟಿವಿ ಆರಿತ್ತು. ಅಪ್ಪ ಸೋಫಾದ ಮೇಲೆ ತನ್ನ ಜಾಗದಲ್ಲಿ ಕುಳಿತಿದ್ದ, ಪಕ್ಕದಲ್ಲಿ ನನ್ನ ಜಾಗ ಖಾಲಿ. ನಾನು ಕೋಣೆಯ ಬಾಗಿಲಲ್ಲೇ ನಿಂತು, ಅವನು ಬಾಯಿ ತೆರೆಯುವ ಮೊದಲೇ ಶುರುಮಾಡಿದೆ:

“ಬಸ್ಸು ಸಿಕ್ಕೊಂಡಿತ್ತಪ್ಪಾ. ಇದನ್ನೂ ನನ್ನ ಮ್ಯಾಲ ಹಾಕಬ್ಯಾಡ, ಹೇಳಿರ್ತೀನಿ.”

ಅಪ್ಪ ತಲೆ ಎತ್ತಿದ. ಈ ಸಲ ಪಾದಗಳನ್ನು ನೋಡಲಿಲ್ಲ.

“ನಿನ್ನ ಮ್ಯಾಲ ಏನ್ ಹಾಕೂದೈತಿ? ನಿನ್ನ ಕಾಲಿಗೂ ಅವ್ರ ಆಟಕ್ಕೂ ಏನ್ ಸಂಬಂಧ ಬೇ? ಆ ಮಕ್ಕಳಿಗೆ ಆಡಾಕ ಬರೂದಿಲ್ಲ.”

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಕಿಂಡಿಯ ಕದ ಸ್ವಲ್ಪ ಸರಿಯಿತು. ಇಷ್ಟು ವರ್ಷ ನಾನು ಕಾದ ಮಾತು ಅದೇ, ಅಕ್ಷರಕ್ಕೆ ಅಕ್ಷರ. ಕೇಳಿದರೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿದ್ದ ಚೀಲವನ್ನು ನೆಲಕ್ಕೆ ಒಗೆದೆ.

“ಇಷ್ಟ ಹೇಳಾಕ ಇಷ್ಟ ವರ್ಷ ಬೇಕಾತೇನಪ್ಪಾ ನಿನಗ? ನಾ ಸಣ್ಣಾಕಿ ಇದ್ದಾಗ ಆ ಕಿಂಡ್ಯಾಗ ನಿಂತು ಅಳೂವಾಗ ಯಾಕ ಹೇಳಲಿಲ್ಲ?”

ಅಪ್ಪ ಯೋಚಿಸಿದ. ಆಮೇಲೆ ಸರಿದು, ನನಗೆ ಇನ್ನಷ್ಟು ಜಾಗ ಮಾಡಿದ.

“ಆವಾಗ ಅವ್ರಿಗೆ ಆಡಾಕ ಬರ್ತಿತ್ತಲ್ಲವ್ವಾ,” ಎಂದ.